ಬೆನ್ನು ಮಾಡಿ ನಿಂತ ಕೆಂಚಿ

ಭೂಮಿ ಇನ್ನೂ ಹೊಸದಾಗಿತ್ತು. ನದಿಗಳು ಯಾವ ಕಡೆ ಹರಿಯಬೇಕೆಂದು ದಾರಿ ಹುಡುಕುತ್ತಿದ್ದ ಕಾಲ. ಆಗ ಜಿರಾಫೆಗಳಲ್ಲಿ ಪ್ರತಿ ತಾಯಿಯೂ ತನ್ನ ಮರಿಯನ್ನು ತಾನೇ ಕಾಯುತ್ತಿದ್ದಳು. ಹಗಲೂ ಕಾಯುತ್ತಿದ್ದಳು, ಇರುಳೂ ಕಾಯುತ್ತಿದ್ದಳು.

ಕೆಂಚಿ ಎಂಬ ಜಿರಾಫೆಗೆ ಅದು ಚೊಚ್ಚಲು ಮರಿ. ಅವಳು ನಿಂತೇ ಈದಿದ್ದಳು. ಮರಿ ಅಷ್ಟೆತ್ತರದಿಂದ ದೊಪ್ಪನೆ ನೆಲಕ್ಕೆ ಬಿದ್ದಿತ್ತು. ಅಂದಿನಿಂದ ಕೆಂಚಿ ಅದರ ಮೇಲಿಟ್ಟ ಕಣ್ಣು ತೆಗೆದಿರಲಿಲ್ಲ. ಕತ್ತು ಬಗ್ಗಿಸಿ ನೆಕ್ಕುವಳು, ನೋಡುವಳು, ಮತ್ತೆ ನೆಕ್ಕುವಳು.

ಬೇಸಿಗೆ ಬಂತು. ಹತ್ತಿರದ ಹೊಂಡ ಬತ್ತಿತು. ನದಿ ಬಲು ದೂರ. ಎಳೆಗಾಲಿನ ಮರಿ ಅಷ್ಟು ದೂರ ನಡೆಯಲಾರದು. ನೀರಿಲ್ಲದೆ ಕೆಂಚಿಯ ಕೆಚ್ಚಲು ಸೊರಗಿತು.

"ಅಮ್ಮ, ಹಾಲು ಬರ್ತಿಲ್ಲ," ಎಂದಿತು ಮರಿ.

ಸಂಜೆ ಗಾಳಿ ಬಂದು ಹೇಳಿತು, "ಕೆಂಚೀ, ನದಿಯಲ್ಲಿ ಬೇಕಾದಷ್ಟು ನೀರಿದೆ. ಹೋಗಿ ಬಾ."

"ಮರೀನ ಯಾರು ನೋಡ್ಕೋತಾರೆ, ನೀನಾ? ಮೊನ್ನೆ ನಮ್ಮ ವಾಸನೆ ಹೊತ್ತು ಸಿಂಹಿಣಿಯ ಮೂಗಿಗೆ ಮುಟ್ಟಿಸಿದವನು ನೀನೇ ತಾನೆ?"

ಗಾಳಿ ಹುಲ್ಲು ಸವರಿಕೊಂಡು ಹೋಯಿತು.

ಆ ಹಿಂಡಿನಲ್ಲಿ ಎಲ್ಲರಿಗಿಂತ ಹಿರಿಯಳು ದೊಡ್ಡಮ್ಮ. ಆ ವರ್ಷ ಅವಳಿಗೆ ಮರಿಯಿರಲಿಲ್ಲ. "ನನ್ನ ಹತ್ರ ಬಿಟ್ಟು ಹೋಗೇ," ಎಂದಳು.

ಕೆಂಚಿ ನೋಡಿದಳು. ದೊಡ್ಡಮ್ಮ ಜಾಲಿಸೊಪ್ಪು ಮೆಲ್ಲುತ್ತ ದೂರ ಎಲ್ಲೋ ನೋಡುತ್ತಿದ್ದಳು.

"ನೀನು ಮರಿ ಕಡೆ ತಿರುಗಿಯೂ ನೋಡ್ತಿಲ್ಲವಲ್ಲ ದೊಡ್ಡಮ್ಮ."

"ಅದನ್ನ ನೋಡಿ ಏನು ಮಾಡ್ಲಿ? ಸಿಂಹ ಏನು ಅದರ ಬೆನ್ನ ಮೇಲೆ ಮೊಳೆಯುತ್ತಾ?"

ಕೆಂಚಿ ಮುಖ ಊದಿಸಿಕೊಂಡು ಮರಿಯೊಡನೆ ಆಚೆ ಹೋದಳು.

ಮರುದಿನ ಬೆಳಗ್ಗೆ ಅವಳು ಮರಿಯ ಕಿವಿ ನೆಕ್ಕುತ್ತಿದ್ದಳು. ದೂರದಲ್ಲಿದ್ದ ದೊಡ್ಡಮ್ಮ ಬುಸ್ಸೆಂದು ಉಸಿರುಬಿಟ್ಟು ನೆಲ ಒದ್ದಳು. ಕೆಂಚಿ ತಲೆಯೆತ್ತಿದಳು. ಎದುರಿನ ಹುಲ್ಲಿನಲ್ಲೇ ಸಿಂಹಿಣಿ ತೆವಳಿಕೊಂಡು ಬರುತ್ತಿದ್ದಳು. ಮರಿ ಅಮ್ಮನ ಹೊಟ್ಟೆಯಡಿ ನುಗ್ಗಿತು. ಕೆಂಚಿ ಮುಂಗಾಲೆತ್ತಿ ಬೀಸಿ ಒದ್ದಳು. ಗೊರಸು ಸಿಂಹಿಣಿಯ ಭುಜಕ್ಕೆ ಬಿತ್ತು.

"ಇವಳ ಕಾಲ ಬುಡಕ್ಕೇ ಬಂದಿದ್ದೆ, ಇವಳಿಗೆ ಕಾಣಲಿಲ್ಲ. ಆ ದೂರದ ಮುದುಕಿಗೆ ಕಂಡುಬಿಟ್ಟೆ," ಎಂದು ಗೊಣಗುತ್ತ ಸಿಂಹಿಣಿ ಕುಂಟಿಕೊಂಡು ಹೋದಳು.

ಆ ಮಾತು ಕೆಂಚಿಯ ಕಿವಿಗೆ ಬಿತ್ತು. ಅವಳು ಮರಿಯನ್ನು ಕರೆದುಕೊಂಡು ದೊಡ್ಡಮ್ಮನ ಹತ್ತಿರ ಬಂದಳು.

"ಬೈಬೇಡ ದೊಡ್ಡಮ್ಮ. ಇದನ್ನ ಬಿಟ್ಟು ಹೋಗ್ತೀನಿ."

"ಬೈಯೋಕೆ ಪುರಸೊತ್ತೆಲ್ಲಿದೆ? ಹೊತ್ತು ಮುಳುಗೋ ಮುಂಚೆ ಬಾ."

ಕೆಂಚಿ ಹೊಟ್ಟೆ ತುಂಬ ನೀರು ಕುಡಿದು ಬಂದಳು. ಕೆಚ್ಚಲಿಗೆ ಹಾಲು ಇಳಿಯಿತು. ಅದನ್ನು ಕಂಡ ಬೇರೆ ತಾಯಂದಿರೂ ತಮ್ಮ ಮರಿಗಳನ್ನು ತಂದು ಬಿಟ್ಟರು. ಮರಿಗಳದ್ದೇ ಒಂದು ಹಿಂಡಾಯಿತು.

ಒಂದು ದಿನ ದೊಡ್ಡಮ್ಮ ಹೇಳಿದಳು, "ನನಗೂ ಗಂಟಲು ಒಣಗುತ್ತೆ ಕಣೇ. ಇವತ್ತು ನಾನೂ ಇವರ ಜೊತೆ ನದಿಗೆ. ಕೆಂಚೀ, ನೀನು ನಿಲ್ಲು."

ಕೆಂಚಿ ನಿಂತಳು. ಬೆನ್ನ ಹಿಂದೆ ಮರಿಗಳು ಓಡಿ ಆಡುತ್ತಿದ್ದವು. ದೊಪ್ಪೆಂದು ಸದ್ದಾಯಿತು.

"ಅಮ್ಮ, ಬಿದ್ದೆ."

ಅದು ಅವಳದೇ ಮರಿ. ಕೆಂಚಿಯ ಕತ್ತು ತಾನಾಗಿ ಬಾಗಲು ಹೊರಟಿತು. ಅಷ್ಟರಲ್ಲಿ ದೂರದಲ್ಲಿ ಹುಲ್ಲು ಅಲುಗಿತು. ಗಾಳಿಯಿರಬಹುದು, ಇಲ್ಲದಿರಲೂಬಹುದು. ಕೆಂಚಿ ಕತ್ತು ನೆಟ್ಟಗೆ ಹಿಡಿದಳು.

"ಅಮ್ಮ, ನೀನು ನನ್ನ ನೋಡ್ತಾನೇ ಇಲ್ಲ."

"ನಿನ್ನನ್ನೇ ನೋಡ್ಕೋತಿದ್ದೀನಿ ಮರೀ," ಎಂದಳು ಕೆಂಚಿ, ಹುಲ್ಲಿನ ಮೇಲಿಂದ ಕಣ್ಣು ತೆಗೆಯದೆ.

ಮರಿ ತಾನೇ ಎದ್ದು, ಮೈ ಕೊಡವಿ, ಆಡಲು ಓಡಿತು.

ಅದಕ್ಕೇ ಇಂದಿಗೂ ಜಿರಾಫೆ ಮರಿಗಳು ಗುಂಪಾಗಿ ಆಡುವ ಕಡೆ ಒಬ್ಬಳು ತಾಯಿ ನಿಂತಿರುತ್ತಾಳೆ, ಎಲ್ಲರ ಮಕ್ಕಳಿಗೂ ಬೆನ್ನು ಮಾಡಿ, ದೂರ ನೋಡುತ್ತ.