ಅರವತ್ತೊಂದನೆಯ ಚಿತ್ರ

“ಮೇಷ್ಟ್ರೇ, ನಾನು ಬರೆದದ್ದರಲ್ಲಿ ಒಂದೇ ಒಂದು ಸುಳ್ಳಿಲ್ಲ. ಆದರೂ ಅದನ್ನ ಓದಿದವರು ಇನ್ನು ಈ ಸಹವಾಸವೇ ಬೇಡ ಅಂತಿದ್ದಾರೆ. ನಿಜ ಹೇಳೋದೇ ತಪ್ಪಾ?”

ಸುಧೀಂದ್ರ ಇದನ್ನು ಕೇಳಿದ್ದು ಒಂದು ಭಾನುವಾರ ಬೆಳಗ್ಗೆ, ಚನ್ನವೀರಪ್ಪ ಮೇಷ್ಟ್ರ ಮನೆಯ ಬಾಗಿಲಲ್ಲಿ, ಒಂದು ಚಪ್ಪಲಿ ಬಿಟ್ಟು ಇನ್ನೊಂದು ಕಾಲಲ್ಲಿರುವಾಗಲೇ. ಮೇಷ್ಟ್ರು ಕಾಫಿ ಕುಡಿಯುತ್ತಿದ್ದರು. ಲೋಟ ಕೆಳಗಿಡದೆ, “ಮೊದಲು ಆ ಇನ್ನೊಂದನ್ನೂ ಬಿಟ್ಟು ಒಳಗೆ ಬಾ” ಎಂದರು.

ಮೇಷ್ಟ್ರು ತುಮಕೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಚಿತ್ರಕಲೆ ಕಲಿಸಿದವರು. ನಿವೃತ್ತರಾದ ಮೇಲೆ, ಬೇರೆಯವರು ತೀರ್ಥಯಾತ್ರೆಗೆ ಹೊರಡುವ ವಯಸ್ಸಿನಲ್ಲಿ, ಕಂಪ್ಯೂಟರ್ ಕಲಿತು ಚಿತ್ರಗಳನ್ನು ನಡೆದಾಡಿಸುವ ಹುಚ್ಚು ಹಿಡಿಸಿಕೊಂಡರು. ಜೊತೆಗಾರರು ಬೇಗನೆ ಸಿಕ್ಕಿದರು. ಬೇಕರಿಯವರು, ಬಸ್ ಕಂಡಕ್ಟರು, ಕಾಲೇಜಿನ ಲೈಬ್ರರಿಯವರು, ಹೀಗೆ ಹದಿನಾಲ್ಕು ಜನ. ಯಾರಿಗೂ ಇದು ಹೊಟ್ಟೆಪಾಡಲ್ಲ. ಬಿಡುವಿನಲ್ಲಿ ಮಾಡಿದ ಅನಿಮೇಷನ್ ತುಣುಕನ್ನು ಅಂತರ್ಜಾಲದಲ್ಲಿರುವ ತಮ್ಮ ಬಳಗದ ಮುಂದಿಡುತ್ತಾರೆ. ಉಳಿದವರು ನೋಡಿ, ಅದರ ಕೆಳಗೆ ತಮಗೆ ತೋಚಿದ್ದನ್ನು ಬರೆಯುತ್ತಾರೆ. ತಿಂಗಳಿಗೊಮ್ಮೆ ಎಲ್ಲರೂ ಮೇಷ್ಟ್ರ ಮನೆಯ ಹಜಾರದಲ್ಲಿ ಸೇರುತ್ತಾರೆ.

ಆ ಹಜಾರದಲ್ಲಿ ಒಂದು ಪದ್ಧತಿಯಿದೆ. ಯಾರದೇ ತುಣುಕನ್ನು ಮೊದಲ ಸಲ ನೋಡುವಾಗ ಎಲ್ಲರೂ ಎರಡು ಕೈಗಳನ್ನೂ ತೊಡೆಯ ಕೆಳಗಿಟ್ಟುಕೊಂಡು ಕೂರಬೇಕು. ಮುಗಿಯುವವರೆಗೂ ಕೈ ಹೊರಗೆ ಬರುವಂತಿಲ್ಲ. ಸುಧೀಂದ್ರ ಬಳಗಕ್ಕೆ ಸೇರಿ ಒಂದು ವರ್ಷವಾಗಿತ್ತು. ಇದು ಮೇಷ್ಟ್ರಿಗೆ ಹೈಸ್ಕೂಲಿನಿಂದ ಅಂಟಿಕೊಂಡು ಬಂದ ಚಾಳಿ ಎಂದೇ ಅವನು ತಿಳಿದಿದ್ದ. ಹಜಾರದಲ್ಲಿ ಮರ್ಯಾದೆಗೆ ಪಾಲಿಸುತ್ತಿದ್ದ. ಮನೆಯಲ್ಲಿ ಒಬ್ಬನೇ ಕೂತು ನೋಡುವಾಗ ಅದರ ಗೊಡವೆ ಇರಲಿಲ್ಲ.

ಅವನು ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆಯುವವನು. ಅಲ್ಲಿ ಒಂದು ಗೆರೆ ಕೂದಲೆಳೆಯಷ್ಟು ಸರಿದರೂ ಅಕ್ಕಪಕ್ಕದ ಜಮೀನಿನವರು ಕೋರ್ಟು ಹತ್ತುತ್ತಾರೆ. ಆ ಕಣ್ಣೇ ಇಲ್ಲಿಗೂ ಬಂದಿತ್ತು. ಒಂದು ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಓಡಿದರೆ ನಮ್ಮ ಕಣ್ಣಿಗೆ ಅದು ಚಲನೆಯಾಗಿ ಕಾಣುತ್ತದೆ. ಸುಧೀಂದ್ರ ಓಡಲು ಬಿಡುತ್ತಿರಲಿಲ್ಲ. ಗುಂಡಿ ಒತ್ತಿ ಒತ್ತಿ, ಒಂದೊಂದೇ ಚಿತ್ರವನ್ನು ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದ.

ಹದಿನೈದು ದಿನದ ಹಿಂದೆ ಬಳಗಕ್ಕೆ ತಾಜುನ್ನೀಸಾ ಎಂಬ ನರ್ಸ್ ಸೇರಿದ್ದಳು. ಹದಿನೆಂಟು ಸೆಕೆಂಡಿನ ತನ್ನ ಮೊದಲ ತುಣುಕನ್ನು ಬುಧವಾರ ಹಾಕಿ, ‘ದಯವಿಟ್ಟು ನೋಡಿ ಹೇಳಿ’ ಎಂದು ಬರೆದಿದ್ದಳು. ಸುಧೀಂದ್ರ ನೋಡಿ ಹೇಳಿದ. ಇಪ್ಪತ್ತೊಂಬತ್ತನೆಯ ಚಿತ್ರದಲ್ಲಿ ಕಿವಿ ಜಾರಿದೆ, ನೂರ ನಾಲ್ಕರಲ್ಲಿ ಮಂಚದ ಕಾಲು ನೆಲದೊಳಗೆ ಹೋಗಿದೆ, ಇನ್ನೂರರಲ್ಲಿ ಕೈಗೆ ಆರು ಬೆರಳು ಕಾಣುತ್ತಿವೆ, ಹೀಗೆ ಒಟ್ಟು ಮೂವತ್ತೊಂದು ತಪ್ಪು. ಎರಡು ಗಂಟೆ ಕೂತು ಬರೆದಿದ್ದ. ಉಪಕಾರ ಮಾಡಿದೆನೆಂಬ ಸಮಾಧಾನವೂ ಆಗಿತ್ತು.

ಶನಿವಾರ ಅವಳ ಉತ್ತರ ಬಂತು. ‘ಇಷ್ಟೊಂದು ತಪ್ಪಿದೆ ಅಂತ ಗೊತ್ತಿರಲಿಲ್ಲ. ನಿಮ್ಮ ಸಮಯ ಹಾಳು ಮಾಡಿದೆ, ಕ್ಷಮಿಸಿ. ಭಾನುವಾರ ಸಂಜೆ ಡ್ಯೂಟಿ ಮುಗಿಸಿ ಬಂದು ಇದನ್ನು ಅಳಿಸಿ, ಬಳಗವನ್ನೂ ಬಿಡುತ್ತೇನೆ.’

ಅದನ್ನು ಓದಿದಾಗಿನಿಂದ ಸುಧೀಂದ್ರನಿಗೆ ಊಟ ಸೇರಿರಲಿಲ್ಲ. ಮೇಲೆ ಕೋಪವಿತ್ತು. ಕೋಪದ ಕೆಳಗೆ ಭಯವಿತ್ತು, ತನ್ನಿಂದ ಯಾರದೋ ಆಸೆ ಮುರಿದುಬಿತ್ತೇನೋ ಎಂಬ ಭಯ. ಮೇಷ್ಟ್ರು ‘ನೀನು ಮಾಡಿದ್ದು ಸರಿ’ ಅಂದರೆ ಹಗುರಾಗಿ ಮನೆಗೆ ಹೋಗಬಹುದಿತ್ತು.

ಮೇಷ್ಟ್ರು ಹಾಗೆ ಅನ್ನಲಿಲ್ಲ. ಕಾಫಿ ಮುಗಿಸಿ, ಬಾಯಿ ಒರೆಸಿಕೊಂಡು, ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ದರ್ಜಿ ಇದ್ದ, ಒಬ್ಬ ಗಡಿಯಾರ ರಿಪೇರಿಯವನಿದ್ದ. ಇಬ್ಬರಿಗೂ ನಮ್ಮ ಹುಚ್ಚೇ. ನಮ್ಮಂಥದೇ ಒಂದು ಬಳಗದಲ್ಲಿ ಇಬ್ಬರೂ ಇದ್ದರು.

ದರ್ಜಿ ಐದು ತಿಂಗಳ ಭಾನುವಾರಗಳನ್ನೆಲ್ಲ ಸುರಿದು ಹತ್ತು ಸೆಕೆಂಡಿನ ಒಂದು ತುಣುಕು ಮಾಡಿದ. ಒಬ್ಬ ಹೆಂಗಸು ಬೀದಿ ನಲ್ಲಿಯಿಂದ ತುಂಬಿದ ಬಕೆಟ್ ಎತ್ತಿಕೊಂಡು, ಮೂರು ಮೆಟ್ಟಿಲು ಹತ್ತಿ, ಬಾಗಿಲ ಹತ್ತಿರ ಇಳಿಸುತ್ತಾಳೆ. ಅಷ್ಟೇ. ಬಳಗದವರು ನೋಡಿ ಸೂಪರ್ ಎಂದರು. ಸೂಪರ್ ಅಂದವರನ್ನು ಏನು ಕೇಳುವುದು? ದರ್ಜಿಗೆ ಅದರಿಂದ ಹೊಟ್ಟೆ ತುಂಬಲಿಲ್ಲ. ಅವನು ಕಾದದ್ದು ಗಡಿಯಾರದವನ ಮಾತಿಗೆ. ಬಳಗದಲ್ಲೇ ಹರಿತವಾದ ಕಣ್ಣು ಅವನದು.

ಗಡಿಯಾರವನ್ನು ಬಿಚ್ಚಿ, ಒಂದೊಂದು ಹಲ್ಲನ್ನೂ ಭೂತಗನ್ನಡಿ ಹಿಡಿದು ನೋಡುವುದು ಅವನ ಕಸುಬು. ಇದನ್ನೂ ಹಾಗೆಯೇ ನೋಡಿದ. ತುಣುಕಿನ ಒಂದು ಪ್ರತಿಯನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡು, ಇನ್ನೂರ ನಲವತ್ತು ಚಿತ್ರಗಳನ್ನೂ ಒಂದೊಂದಾಗಿ ನಿಲ್ಲಿಸಿದ. ಅರವತ್ತೊಂದನೆಯ ಚಿತ್ರದಲ್ಲಿ ಹೆಂಗಸಿನ ತೋಳು ಒಂದು ಗೇಣು ಜಾಸ್ತಿ ಉದ್ದವಾಗಿದೆ ಎಂದು ಬರೆದ. ಅರವತ್ತೆರಡರಲ್ಲಿ ಮುಖ ಒಂದು ಕಡೆಗೆ ಎಳೆದುಕೊಂಡಿದೆ, ಎಪ್ಪತ್ತರಲ್ಲಿ ಬೆನ್ನು ಮುರಿದವರಂತೆ ಬಾಗಿದೆ ಎಂದು ಬರೆದ. ಬರೆದದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ, ಹೊಟ್ಟೆಕಿಚ್ಚೂ ಇರಲಿಲ್ಲ.

ಇಲ್ಲಿ ಸುಧೀಂದ್ರನ ಮುಖ ಸ್ವಲ್ಪ ಅರಳಿತು. ತನ್ನ ಪರವಾಗಿ ಸಾಕ್ಷಿ ಹೇಳುವವನೊಬ್ಬ ಕತೆಯೊಳಗೇ ಸಿಕ್ಕಂತಾಗಿತ್ತು. ಮೇಷ್ಟ್ರು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ದರ್ಜಿ ಹೇಳಿದ ಮಾತು ಕೇಳುವವನು. ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪ್ರತಿಯೊಂದನ್ನೂ ತಿದ್ದಿದ. ತೋಳನ್ನು ಅಳತೆಗೆ ತಂದ, ಮುಖವನ್ನು ನೇರ ಮಾಡಿದ, ಬೆನ್ನನ್ನು ನೆಟ್ಟಗೆ ನಿಲ್ಲಿಸಿದ. ಹಳೆಯದರ ಮೇಲೆಯೇ ತಿದ್ದುತ್ತ ಹೋದದ್ದರಿಂದ ಹಳೆಯದು ಉಳಿಯಲಿಲ್ಲ, ಬಳಗದ ಮುಂದಿಟ್ಟಿದ್ದನ್ನೂ ತೆಗೆದುಹಾಕಿದ. ಒಂದು ತಿಂಗಳಾದ ಮೇಲೆ ಬಳಗದ ಮುಂದೆ ಓಡಿಸಿದ. ಎಲ್ಲಿ ನಿಲ್ಲಿಸಿದರೂ ಆ ಚಿತ್ರ ಚೌಕಟ್ಟು ಹಾಕಿ ಗೋಡೆಗೆ ತೂಗಹಾಕುವಂತಿತ್ತು. ಓಡಿಸಿದರೆ ಮಾತ್ರ ಹೆಂಗಸು ಬಕೆಟ್ ಎತ್ತುತ್ತಿರಲಿಲ್ಲ. ಬಕೆಟ್ಟು ತಾನೇ ಮೇಲೆ ಬರುತ್ತಿತ್ತು, ಅವಳು ಅದಕ್ಕೆ ಕೈ ತಾಗಿಸಿಕೊಂಡು ಜೊತೆಗೆ ಹೋಗುತ್ತಿದ್ದಳು. ಒಳಗೆ ನೀರಿಲ್ಲ, ಅವಳಲ್ಲಿ ಜೀವವಿಲ್ಲ.

ಬಳಗದವರು ಈಗಲೂ ಸೂಪರ್ ಎಂದರು. ದರ್ಜಿಗೆ ಗೊತ್ತಾಗಿತ್ತು. ಅವನು ಯಾರನ್ನೂ ಬೈಯಲಿಲ್ಲ. ಕಂಪ್ಯೂಟರಿಗೆ ಒಂದು ಹಳೆಯ ಪಂಚೆ ಹೊದಿಸಿ, ತನ್ನ ಹೊಲಿಗೆ ಮಿಷನ್ನಿನ ಮುಂದೆ ಕೂತ. ಬಳಗದ ಕಡೆ ತಲೆ ಹಾಕುವುದನ್ನು ಬಿಟ್ಟ.

ಗಡಿಯಾರದವನಿಗೆ ತಲೆಬುಡ ತಿಳಿಯಲಿಲ್ಲ. ಬಿಡಿಭಾಗಗಳೆಲ್ಲ ಸರಿಯಿದ್ದರೆ ಗಡಿಯಾರ ನಡೆಯಲೇಬೇಕು. ಇದೇಕೆ ನಿಂತುಹೋಯಿತು? ಕೆಲವು ದಿನ ಕಳೆದ ಮೇಲೆ ಜುಬ್ಬಾ ಹೊಲಿಸುವ ನೆಪ ಮಾಡಿಕೊಂಡು, ಬಟ್ಟೆ ಹಿಡಿದು ದರ್ಜಿಯ ಅಂಗಡಿಗೆ ಹೋದ. ದರ್ಜಿ ಮುಖ ಗಂಟಿಕ್ಕಲಿಲ್ಲ. ಅಳತೆ ತೆಗೆದುಕೊಂಡ, ವಾರ ಬಿಟ್ಟು ಬರಲು ಹೇಳಿದ. ಆ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ವಾರ ಬಿಟ್ಟು ಹೋಗಿ, ಜುಬ್ಬಾ ತೊಟ್ಟು ಕನ್ನಡಿಯ ಮುಂದೆ ನೆಟ್ಟಗೆ ನಿಂತ. ಅವನ ಕಣ್ಣು ಸುಮ್ಮನಿರುತ್ತದೆಯೇ? ಎರಡೂ ಕಂಕುಳಲ್ಲಿ ಬಟ್ಟೆ ಮಡಿಕೆ ಬಿದ್ದು ಜೋತಿತ್ತು.

“ಇಲ್ಲಿ ಒಂದು ತುಂಡು ಬಟ್ಟೆ ಜಾಸ್ತಿ ಕೂತಿದೆಯಲ್ಲ ಸ್ವಾಮಿ. ಅಸಹ್ಯವಾಗಿ ಕಾಣುತ್ತೆ.”

ದರ್ಜಿ ಬಾಯಲ್ಲಿದ್ದ ಸೂಜಿಯನ್ನು ತೆಗೆದು ಹೇಳಿದ: “ನಿಂತವರಿಗೆ ಅದು ಜಾಸ್ತಿಯೇ. ಒಂದು ಸಲ ಕೈ ಎತ್ತಿ ನೋಡಿ.”

ಗಡಿಯಾರದವನು ಕೈ ಎತ್ತಿದ. ಮಡಿಕೆ ಬಿಚ್ಚಿಕೊಂಡು ತೋಳಿನ ಜೊತೆಗೆ ಮೇಲೆ ಹೋಯಿತು. ಎಲ್ಲೂ ಬಿಗಿಯಲಿಲ್ಲ, ಎಲ್ಲೂ ಎಳೆಯಲಿಲ್ಲ. ಎತ್ತಿದ ಕೈಯನ್ನು ಇಳಿಸುವುದನ್ನೇ ಮರೆತು ಅವನು ಕನ್ನಡಿಯ ಮುಂದೆ ನಿಂತುಬಿಟ್ಟ. ಅರವತ್ತೊಂದನೆಯ ಚಿತ್ರದ ಒಂದು ಗೇಣು ಜಾಸ್ತಿ ಉದ್ದದ ತೋಳು ಅವನಿಗೆ ಆಗ ಕಂಡಿತು.

ಜುಬ್ಬಾ ಕಳಚದೆಯೇ ಮನೆಗೆ ಓಡಿದ. ತಪ್ಪು ಹುಡುಕಲೆಂದು ಇಳಿಸಿಕೊಂಡಿದ್ದ ಹಳೆಯ ತುಣುಕು ಅವನ ಬಳಿ ಹಾಗೆಯೇ ಇತ್ತು. ಜಗತ್ತಿನಲ್ಲಿ ಉಳಿದದ್ದು ಅದೊಂದೇ ಪ್ರತಿ. ಅದನ್ನು ಓಡಿಸಿದ. ಬೆರಳು ತನ್ನಷ್ಟಕ್ಕೇ ನಿಲ್ಲಿಸುವ ಗುಂಡಿಯ ಮೇಲೆ ಹೋಯಿತು. ಅವನಿಗೆ ತನ್ನ ಕೈಯ ಮೇಲೆಯೇ ಸಿಟ್ಟು ಬಂತು. ಎರಡು ಕೈಗಳನ್ನೂ ತೊಡೆಯ ಕೆಳಗೆ ಸೇರಿಸಿ, ಅವುಗಳ ಮೇಲೆ ಕೂತು, ಮೊದಲಿನಿಂದ ನೋಡಿದ.

ಹೆಂಗಸು ಬಗ್ಗಿದಳು. ಬಕೆಟ್ ಹಿಡಿದಳು. ತೋಳು ಜಗ್ಗಿತು, ಮುಖ ಬಿಗಿಯಿತು, ಬೆನ್ನು ಬಾಗಿತು, ಬಕೆಟ್ ನೆಲ ಬಿಟ್ಟಿತು. ಕೂತಿದ್ದ ಗಡಿಯಾರದವನ ಬಲ ಭುಜ ತಾನಾಗಿ ಮೇಲೆದ್ದಿತು. ಮೂರು ಮೆಟ್ಟಿಲನ್ನೂ ಅವನು ಅವಳ ಜೊತೆ ಹತ್ತಿದ. ನಂಬಿದರೆ ನಂಬು, ಬಿಟ್ಟರೆ ಬಿಡು, ಅವನ ಕಣ್ಣಲ್ಲಿ ನೀರು ಬಂತು. ಇಂಥದ್ದನ್ನು ತಾನು ಬಿಡಿಭಾಗ ಮಾಡಿ ಹರಡಿದೆನಲ್ಲ ಎಂದು ಬಂತು.

ಆದರೆ ಅವನ ಕಣ್ಣು ಹರಿತವಾದದ್ದೇ, ಅದೇನು ಸುಳ್ಳಲ್ಲ. ಕೊನೆಯಲ್ಲಿ ಒಂದು ಕೊರತೆ ಅವನಿಗೆ ತಟ್ಟಿತು. ಈ ಸಲ ಅದು ಕಣ್ಣಿಗೆ ಕಂಡದ್ದಲ್ಲ, ಭುಜಕ್ಕೆ ತಿಳಿದದ್ದು. ಮತ್ತೆ ಎರಡು ಸಲ ನೋಡಿದ. ಭುಜ ಅದನ್ನೇ ಹೇಳಿತು.

ಮರುದಿನ ಅಂಗಡಿಗೆ ಹೋಗಿ, ಹಳೆಯ ತುಣುಕಿದ್ದ ಪೆನ್‌ಡ್ರೈವನ್ನು ಕತ್ತರಿಯ ಪಕ್ಕದಲ್ಲಿಟ್ಟ.

“ನನ್ನ ಪಟ್ಟಿಯನ್ನ ಹರಿದು ಹಾಕಿ. ಅವಳು ಬಕೆಟ್ ಎತ್ತಿದಾಗ ನನ್ನ ಭುಜ ಎದ್ದಿತು. ಇಳಿಸಿದಾಗ ನನ್ನ ಭುಜ ಇಳೀಲಿಲ್ಲ. ಅದಕ್ಕೇನು ಮಾಡಬೇಕು ಅಂತ ನನಗೆ ಗೊತ್ತಿಲ್ಲ, ಅದು ನಿಮಗೇ ಗೊತ್ತು.”

ದರ್ಜಿ ಅಂಗಡಿಯ ಮೂಲೆಯಲ್ಲಿದ್ದ ಕುಡಿಯುವ ನೀರಿನ ಬಕೆಟ್ಟನ್ನು ಎತ್ತಿ, ಬಾಗಿಲವರೆಗೆ ಹೊತ್ತು, ಇಳಿಸಿ, ತನ್ನ ಕೈಯನ್ನು ತಾನೇ ನೋಡಿಕೊಂಡ. ಮತ್ತೊಮ್ಮೆ ಎತ್ತಿ ಇಳಿಸಿದ. ಬಟ್ಟೆ ಕೊಡಲು ಬಂದ ಗಿರಾಕಿಯೊಬ್ಬರು ಇವನಿಗೆ ಏನಾಯಿತೋ ಎಂದು ಹೊರಗೇ ನಿಂತರು.

ಆ ವಾರ ಪಂಚೆ ಕಂಪ್ಯೂಟರಿನಿಂದ ಇಳಿಯಿತು. ದರ್ಜಿ ಹಳೆಯ ತುಣುಕಿನ ಕೊನೆಗೆ ಅರ್ಧ ಸೆಕೆಂಡು ಸೇರಿಸಿದ. ಬಕೆಟ್ ಇಳಿಸಿದ ಮೇಲೆ ಹೆಂಗಸು ತನ್ನ ಬೆರಳುಗಳನ್ನು ಒಂದು ಸಲ ಅಗಲ ಮಾಡಿ, ಮತ್ತೆ ಮಡಿಸುತ್ತಾಳೆ. ಅಷ್ಟೇ. ಮುಂದಿನ ಸಲ ಬಳಗ ಸೇರಿ ನೋಡಿದಾಗ ಯಾರೂ ಸೂಪರ್ ಎನ್ನಲಿಲ್ಲ. ಕೂತವರಲ್ಲಿ ಅರ್ಧ ಜನ ತಮ್ಮ ಬೆರಳು ಬಿಡಿಸಿಕೊಳ್ಳುತ್ತಿದ್ದರು. ಗಡಿಯಾರದವನೊಬ್ಬನೇ ಬಿಡಿಸಲಿಲ್ಲ, ಅವನು ಕೈಗಳ ಮೇಲೆ ಕೂತಿದ್ದ. ಅಂದಿನಿಂದ ಅವನ ಪಕ್ಕದವರೂ ಹಾಗೆ ಕೂರಲು ಕಲಿತರು. ಪಕ್ಕದವರನ್ನು ನೋಡಿ ಉಳಿದವರು ಕಲಿತರು.

ಮೇಷ್ಟ್ರು ಕತೆ ನಿಲ್ಲಿಸಿದರು. ಸುಧೀಂದ್ರ ತನ್ನ ಕೈಗಳನ್ನು ನೋಡಿಕೊಂಡ. ವರ್ಷದಿಂದ ಚಾಳಿ ಎಂದುಕೊಂಡದ್ದು ಎಲ್ಲಿಂದ ಬಂತೆಂದು ತಿಳಿದು ಅವನಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಒಂದು ಬಗೆಯ ಹುರುಪೂ ಬಂತು. ಮುರಿದದ್ದನ್ನು ಮತ್ತೆ ಕೂಡಿಸಬಹುದು, ಒಬ್ಬ ಕೂಡಿಸಿದ್ದಾನೆ. ಸಂಜೆಗೆ ಇನ್ನೂ ಹೊತ್ತಿತ್ತು.

“ತಿಳೀತು ಮೇಷ್ಟ್ರೇ. ಈಗಲೇ ಆ ಮೂವತ್ತೊಂದನ್ನೂ ಅಳಿಸ್ತೀನಿ. ಅದರ ಬದಲು ಒಂದೇ ಒಂದು ಮಾತು, ಉಪಯೋಗಕ್ಕೆ ಬರೋ ಅಂಥದ್ದು, ಬರೀತೀನಿ. ಏನು ಬರೀಲಿ ಅಂತ ನೀವೇ ಹೇಳಿ.”

ಮೇಷ್ಟ್ರು ತಮ್ಮ ಕಂಪ್ಯೂಟರನ್ನು ಅವನ ಕಡೆಗೆ ತಿರುಗಿಸಿದರು. ತಾಜುನ್ನೀಸಾಳ ತುಣುಕು ಇನ್ನೂ ಅಲ್ಲೇ ಇತ್ತು, ಓಡಿಸಿರಲಿಲ್ಲ. ಅದರ ಕೆಳಗೆ ಸುಧೀಂದ್ರನ ಪಟ್ಟಿ ಉದ್ದಕ್ಕೆ ಇಳಿದಿತ್ತು.

“ಬರೆಯೋದು ಆಮೇಲೆ. ಆ ಹೆಣ್ಣುಮಗಳ ತುಣುಕಿನಲ್ಲಿ ಏನು ನಡೆಯುತ್ತೆ, ಅದನ್ನ ಹೇಳು ಮೊದಲು.”

ಸುಧೀಂದ್ರ ಬಾಯಿ ತೆರೆದ. ಜಾರಿದ ಕಿವಿ ನೆನಪಿಗೆ ಬಂತು. ಅದು ಯಾರ ಕಿವಿ ಎಂಬುದು ಬರಲಿಲ್ಲ. ಮಂಚದ ಕಾಲು ನೆನಪಿಗೆ ಬಂತು. ಮಂಚದ ಮೇಲೆ ಯಾರಿದ್ದರು ಎಂಬುದು ಬರಲಿಲ್ಲ. ಅವನು ಎರಡು ಕೈಗಳನ್ನೂ ತೊಡೆಯ ಕೆಳಗಿಟ್ಟುಕೊಂಡು, ಮೇಷ್ಟ್ರು ಗುಂಡಿ ಒತ್ತುವುದನ್ನು ಕಾಯುತ್ತ ಕೂತ.