ಟ್ಯಾಂಕಿನ ಬುಡದ ಬಾಣಂತಿ

ಒಂದು ಕಾಲ ಇತ್ತಂತೆ ಮಗಾ, ಮನೆಮನೆಗೂ ನಲ್ಲಿ ಇದ್ದು ನಲ್ಲೀಲಿ ನೀರೇ ಇಲ್ಲದ ಕಾಲ. ಆ ಕಾಲದಲ್ಲಿ ಒಂದು ಪುಟ್ಟ ಪೇಟೆ, ಪೇಟೆಗೆ ಒಂದು ಎತ್ತರದ ನೀರಿನ ಟ್ಯಾಂಕು, ಟ್ಯಾಂಕಿನ ಪಕ್ಕ ಮೇಲಿನಪೇಟೆ, ಪೈಪಿನ ತುದೀಲಿ ಕೊನೆಕೇರಿ. ಕೊನೆಕೇರಿ ನಲ್ಲಿ ತಿರುಗಿಸಿದರೆ ಬುಸ್ಸಂತ ಗಾಳಿ ಬರ್ತಿತ್ತಂತೆ. ಹೆಂಗಸರು ಕೊಡ ಹೊತ್ತು ಊರಾಚೆ ಬಾವಿಗೆ ಹೋಗಬೇಕಿತ್ತಂತೆ, ಅದೂ ಉಪ್ಪುನೀರು.

ಆ ಕೇರೀಲಿ ತಿಪ್ಪಮ್ಮ ಅಂತ ಒಬ್ಬಳು. ಗಂಡ ಇಲ್ಲ, ಇರೋಳೊಬ್ಬಳೇ ಮಗಳು ಓಬಳಿ, ಅವಳು ತುಂಬಿದ ಬಸುರಿ. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕಲ್ಲ, ತಿಪ್ಪಮ್ಮ ಕರಕೊಂಡು ಬರೋಕೆ ಹೋದಳಂತೆ. ಬೀಗಿತ್ತಿ ಬಾಗಿಲಲ್ಲೇ ನಿಂತು, ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು, ನಿಮ್ಮ ಕೇರೀಲಿ ಗಾಳಿ ಕಾಯಿಸಿ ಹುಯ್ತೀಯೇನಮ್ಮ ಅಂದಳಂತೆ. ತಿಪ್ಪಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯ್ತು. ನನ್ನ ಮಗಳಿಗೆ ಒಂದು ದಿನ ನೀರು ತಪ್ಪಿದರೂ ಬಂದು ಕರಕೊಂಡು ಹೋಗು ಅಂತ ಮಾತು ಕೊಟ್ಟು ಕರಕೊಂಡು ಬಂದಳಂತೆ.

ಆಮೇಲೆ ಪುರಸಭೆ ಅಧ್ಯಕ್ಷ ವಿರೂಪಣ್ಣನ ಹತ್ತಿರ ಹೋದಳಂತೆ. ಟ್ಯಾಂಕು ತುಂಬಿಲ್ಲ ಕಣಮ್ಮ ಅಂದ. ಇನ್ನೊಂದು ಸಲ ಹೋದಳು, ಪೈಪು ಹಳೇದು ಅಂದ. ಮೂರನೇ ಸಲ ಹೋದಾಗ ಎಲೆಯಡಿಕೆ ಮೆಲ್ತಾ, ನಿಮ್ಮ ಕೇರಿ ದೂರ ತಿಪ್ಪಮ್ಮ, ಅಲ್ಲಿಗೆ ಬರೋ ಹೊತ್ತಿಗೆ ನೀರಿಗೇ ಸುಸ್ತಾಗತ್ತೆ ಅಂದನಂತೆ. ಸುತ್ತ ಇದ್ದೋರೆಲ್ಲ ನಕ್ಕರು. ತಿಪ್ಪಮ್ಮ ನಗಲಿಲ್ಲ.

ಆಮೇಲೆ ಆಸ್ಪತ್ರೇಲಿ ಓಬಳಿಗೆ ಹೆಣ್ಣುಮಗು ಹುಟ್ಟಿತಂತೆ. ತಿಪ್ಪಮ್ಮ ಮನೆ ಕಡೆ ತಿರುಗಲೇ ಇಲ್ಲ. ನೀರು ನಮ್ಮ ಹತ್ರ ಬರಲ್ಲ ಅಂದ್ರೆ ನಾವೇ ನೀರಿನ ಹತ್ರ ಹೋಗಾನ ಬಾ ಅಂತ ಸೀದಾ ಟ್ಯಾಂಕಿನ ಬುಡಕ್ಕೇ ಹೋಗಿ, ಟಾರ್ಪಾಲು ಕಟ್ಟಿ, ಕಲ್ಲು ಹೂಡಿ, ಅಲ್ಲಿದ್ದ ನಲ್ಲೀಲಿ ಹಂಡೆ ತುಂಬಿ ಒಲೆ ಹಚ್ಚಿದಳಂತೆ. ಬೆನ್ನಿಗೆ ಸುಡುಸುಡು ನೀರು ಬಿದ್ದು ಓಬಳಿ ಅಮ್ಮಾ ಅಂದಾಗ ತಿಪ್ಪಮ್ಮನ ಎದೆ ತಣ್ಣಗಾಯ್ತಂತೆ.

ಎಬ್ಬಿಸೋಕೆ ಬಂದ ಪುರಸಭೆ ಜವಾನ ಮಾರು ದೂರದಲ್ಲೇ ನಿಂತನಂತೆ. ಯಾಕೆ ಅಂದರೆ ಪುರುಡು. ಮಗು ಹುಟ್ಟಿದರೆ ಹನ್ನೊಂದು ದಿನ ಮೈಲಿಗೆ, ಬಾಣಂತಿ ಮುಟ್ಟಿದ ನೀರು ಮುಟ್ಟಬಾರದು ಅಂತಿದ್ದರಂತೆ. ಅವನು ಹೋಗಿ ಸುದ್ದಿ ಹೇಳಿದ್ದೇ ತಡ, ಬಾಣಂತಿ ಬಟ್ಟೆ ಟ್ಯಾಂಕಿನ ಕಂಬಕ್ಕೆ ಒಣಹಾಕವ್ಳಂತೆ, ಟ್ಯಾಂಕೇ ಪುರುಡಾಯ್ತಲ್ಲಪ್ಪಾ ಅಂತ ಮೇಲಿನಪೇಟೆ ಹೌಹಾರಿತು. ಯಾರೂ ನಲ್ಲಿ ಮುಟ್ಟಲಿಲ್ಲ. ನಲ್ಲಿಗೆ ಸಿಗಿಸಿದ್ದ ಮೋಟಾರೆಲ್ಲ ನಿಲ್ಲಿಸಿ ತೋಟದ ಬಾವಿಗೆ ಹೋದರಂತೆ.

ಮಾರನೇ ಬೆಳಗ್ಗೆ ಕೊನೆಕೇರಿಯಿಂದ ಪಕ್ಕದ ಮನೆ ಹನುಮಕ್ಕ ಓಡೋಡಿ ಬಂದಳಂತೆ. ತಿಪ್ಪಕ್ಕಾ, ನಮ್ಮ ನಲ್ಲೀಲಿ ನೀರು ಕಣೇ, ಕೊಡ ತುಂಬಿ ಚೆಲ್ತಾ ಐತೆ!

ತಿಪ್ಪಮ್ಮನಿಗೆ ಆಗ ಎಲ್ಲ ಗೊತ್ತಾಯ್ತಂತೆ. ಟ್ಯಾಂಕು ಒಣಗಿರಲಿಲ್ಲ, ಪೈಪು ಕೆಟ್ಟಿರಲಿಲ್ಲ, ನೀರಿಗೆ ಸುಸ್ತೂ ಆಗಿರಲಿಲ್ಲ. ಮೇಲಿನಪೇಟೆಯೋರು ಮೋಟಾರು ಇಟ್ಟು ನಡುವೇನೇ ಹೀರಿಕೊಳ್ತಿದ್ದರು. ಹೆತ್ತವಳು ಮೈಲಿಗೆಯಂತೆ, ಕದ್ದು ಕುಡಿದೋರು ಮಡಿಯಂತೆ!

ಮಗಳನ್ನ ಮನೆಗೆ ಕರಕೊಂಡು ಬಂದಳು. ಆಮೇಲೆ ಪುರುಡು ಕಳೀತು, ಮೇಲಿನಪೇಟೆಯೋರು ಮನೆ ತೊಳೆದು ಮತ್ತೆ ಮೋಟಾರು ಹಾಕಿದರು, ಕೊನೆಕೇರಿ ನಲ್ಲಿ ಮತ್ತೆ ಬುಸ್ಸಂತು. ಆವತ್ತೇ ಕೇರಿ ಹೆಂಗಸರೆಲ್ಲ ಅಧ್ಯಕ್ಷನ ಮುಂದೆ ಹೋಗಿ ನಿಂತರಂತೆ.

ಸ್ವಾಮಿ, ಮೋಟಾರು ಬಿಚ್ಚಿಸಿ ಅಂದಳು ತಿಪ್ಪಮ್ಮ. ಇಲ್ಲಾಂದ್ರೆ ನಮ್ಮ ಕೇರೀಲಿ ಇನ್ನೂ ಆರು ಜನ ಬಸುರಿಯರಿದಾರೆ, ಒಬ್ಬೊಬ್ಬರನ್ನೂ ಹೆತ್ತ ಮಾರನೇ ದಿನವೇ ಟ್ಯಾಂಕಿನ ಬುಡಕ್ಕೆ ತರ್ತೀವಿ.

ಆರು ಜನಾನಾ ಅಂತ ವಿರೂಪಣ್ಣ ಬಾಯಿ ಬಿಟ್ಟ. ಹಲ್ಲಿಲ್ಲದ ಸಣ್ಣಜ್ಜಿ ಹೊಟ್ಟೆ ಮೇಲೆ ಸೆರಗು ಎಳಕೊಂಡು, ನನ್ನೂ ಸೇರಿಸ್ಕೊಳಪ್ಪ, ನಂಗೂ ದಿನ ತುಂಬೈತೆ ಅಂದಳಂತೆ.

ಆವತ್ತೇ ಸಾಯಂಕಾಲದೊಳಗೆ ಪುರಸಭೆಯೋರು ಮನೆಮನೆ ಮೋಟಾರು ಬಿಚ್ಚಿಸಿದರಂತೆ. ಮತ್ತೆ ಹಾಕಿದರಾ ಅಂತ ನೋಡೋಕೆ ಕೊನೆಕೇರಿ ಹೆಂಗಸರು ದಿನಾ ಸರದಿ ಮೇಲೆ ಮೇಲಿನಪೇಟೆ ಸುತ್ತಿ ಬರ್ತಿದ್ದರಂತೆ. ಓಬಳಿ ಬಾಣಂತನ ಪೂರ್ತಿ ಮುಗಿಸಿಕೊಂಡು, ಮೈಕೈ ತುಂಬಿಕೊಂಡು ಗಂಡನ ಮನೆಗೆ ಹೋದಳಂತೆ. ಅವರು ಅಲ್ಲಿ ಸುಖವಾಗಿದ್ದರು, ಕತೆ ಇಲ್ಲಿಗೆ ಸಾಕು. ಮಲಕ್ಕೋ ಮಗಾ.