ಏಳು ಹಲಗೆಯ ಒಡ್ಡು ಮತ್ತು ಸಿಪಿಲೆಯ ಬಾಲ

ಹೊಳೆಗಳಿಗೆ ಇನ್ನೂ ಯಾರೂ ಹೆಸರಿಟ್ಟಿರದ ಕಾಲ ಅದು. ಲೋಕ ಆಗತಾನೇ ಹಂಚಿನಿಂದ ತೆಗೆದ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಆನೆಗೆ ತನ್ನ ಸೊಂಡಿಲನ್ನು ಎಲ್ಲಿಡಬೇಕೆಂದು ಗೊತ್ತಿರಲಿಲ್ಲ. ಹೊಳೆ ಮಾತಾಡುತ್ತಿತ್ತು, ಗಾಳಿ ಮಾತಾಡುತ್ತಿತ್ತು, ಏಡಿಯೂ ಮಾತಾಡುತ್ತಿತ್ತು. ಕೇಳಿಸಿಕೊಳ್ಳುವುದಕ್ಕೆ ಜನರಿಗೆ ಪುರುಸೊತ್ತೂ ಇತ್ತು. ಎಂಥಾ ಕಾಲ ಅದು! ನೆನೆಸಿಕೊಂಡರೆ ಈಗಲೂ ಹೊಟ್ಟೆ ತಣ್ಣಗಾಗುತ್ತದೆ.

ಆ ಕಾಲದಲ್ಲಿ ಸಿಪಿಲೆ ಹಕ್ಕಿಯ ಬಾಲ ಅಲ್ಲಾಡುತ್ತಿರಲಿಲ್ಲ. ಹೊಳೆಯ ಕಲ್ಲಿನ ಮೇಲೆ ಕರಿ ಅಂಗಿ, ಬಿಳಿ ಹೊಟ್ಟೆ, ಬಿಳಿ ಹುಬ್ಬಿನ ಪುಟ್ಟ ಹಕ್ಕಿ ಕಾಣುತ್ತದಲ್ಲ, ನಾವು ಕುಂಡೆಕುಸುಕ ಎಂದು ಆಡಿಕೊಂಡು ನಗುತ್ತೇವಲ್ಲ, ಅದೇ. ಆಗ ಅದು ಬಲು ಗಂಭೀರ ಹಕ್ಕಿ. ಕಲ್ಲಿನ ಮೇಲೆ ಕೂತರೆ ಕಲ್ಲೇ.

ಆ ಹೊಳೆಯ ದಂಡೆಯಲ್ಲಿ ತಾಯವ್ವ ಎಂಬ ಅಂಬಿಗರ ಹೆಣ್ಣುಮಗಳಿದ್ದಳು. ಗಂಡ ಇರಲಿಲ್ಲ. ಹೂವಕ್ಕ ಎಂಬ ಒಬ್ಬಳೇ ಮಗಳು. ತಾಯವ್ವನ ಬಾಯಲ್ಲಿ ಅವಳು ಹೂವಿ.

ಬೇಸಿಗೆ ಬಂದರೆ ಹೊಳೆ ಸೊರಗಿಬಿಡುತ್ತಿತ್ತು. ಮೇಲುಗಡೆಯ ಹಲ್ಲುಬಂಡೆಗಳು ನೀರಿನಿಂದ ಮೇಲೆದ್ದು ಕಿಸಿಯುತ್ತಿದ್ದವು. ಹರಿಗೋಲುಗಳ ತಳ ಹರಿಯುತ್ತಿತ್ತು. ಈಚೆ ಊರಿನವರು ಈಚೆ, ಆಚೆ ಊರಿನವರು ಆಚೆ. ಆಗ ಅಂಬಿಗರೆಲ್ಲ ಹೊಳೆಯ ಹತ್ತಿರ ಹೋಗಿ ಕೈಮುಗಿದರು.

"ನಾಲ್ಕು ತಿಂಗಳು ಇಲ್ಲಿ ಸ್ವಲ್ಪ ನಿಂತು ಹೋಗವ್ವಾ. ಹರಿಗೋಲು ಆಡ್ಲಿ."

ಹೊಳೆ ಯೋಚಿಸಿತು. "ನಿಲ್ತೀನಿ. ಒಡ್ಡು ಕಟ್ಟಿಕೋರಿ. ಆದ್ರ ಒಡ್ಡಿಗೊಂದು ಬಾಗಿಲು ಇಡಬೇಕು. ಮಳಿಗಾಲದಾಗ ನಾನು ಬಂದು ಬಡಿಯೋಕಿಂತ ಮೊದಲ ಆ ಬಾಗಿಲು ತೆಗೆದಿರಬೇಕು. ನಾ ಬಂದಮ್ಯಾಲೆ ತೆಗಿತೀವಿ ಅಂದ್ರ ಆಗೂದಿಲ್ಲ. ಆಗ ನನ್ನ ಮೈ ನನ್ನ ಕೈಯಾಗ ಇರೂದಿಲ್ಲ."

ಹಾಗೇ ಒಡ್ಡು ಎದ್ದಿತು. ನೀರುನಾಯಿಗಳು ಗುಂಡುಕಲ್ಲು ಉರುಳಿಸಿಕೊಟ್ಟವು. ಎಮ್ಮೆಗಳು ಮಣ್ಣು ತುಳಿದವು. ನಡುವೆ ಎರಡು ಕಲ್ಲುಕಂಬ ನಿಲ್ಲಿಸಿ, ಅವುಗಳ ಸೀಳಿನಲ್ಲಿ ಮತ್ತಿಮರದ ಏಳು ಹಲಗೆಗಳನ್ನು ಒಂದರ ಮೇಲೊಂದು ಇಳಿಸಿದರು. ಹಲಗೆ ಇಳಿಸಿದರೆ ನೀರು ಏರುತ್ತದೆ, ಹರಿಗೋಲು ಹಲ್ಲುಬಂಡೆಯ ಮೇಲೆ ತೇಲಿ ಬರುತ್ತದೆ. ಹಲಗೆ ಎತ್ತಿದರೆ ನೀರು ಇಳಿಯುತ್ತದೆ. ಇಷ್ಟೇ ವಿದ್ಯೆ.

ಆ ಹಲಗೆಗಳನ್ನು ಕಾಯುವ ಕೆಲಸ ತಾಯವ್ವನಿಗೆ ಬಂತು. ಒಡ್ಡಿನ ಎಡಭುಜದ ಮೇಲೆ ಅವಳಿಗೊಂದು ಗುಡಿಸಲು ಹಾಕಿಕೊಟ್ಟರು. ಒಡ್ಡಿನ ಬೆನ್ನು ನೋಡಿಕೊಳ್ಳುವ ಕೆಲಸ ಏಡಿಯದು. ದಿನಾ ಬೆಳಿಗ್ಗೆ ಏಡಿ ಒಡ್ಡಿನ ಹಿಂದೆ ಸುತ್ತಿ ಬಂದು, "ಒಸರೋ ನೀರು ತಿಳಿ ಐತಿ ಬೇ" ಎನ್ನುತ್ತಿತ್ತು. ತಿಳಿಯಾಗಿದ್ದರೆ ಚಿಂತೆಯಿಲ್ಲ. ಕೆಂಪಗಿದ್ದರೆ ಒಡ್ಡು ಒಳಗೊಳಗೇ ಕರಗುತ್ತಿದೆ ಎಂದರ್ಥ.

ಸಿಪಿಲೆಗೆ ಸಿಕ್ಕಿದ್ದು ನೀರಿನ ಮಟ್ಟ ನೋಡುವ ಕೆಲಸ. ಒಂದು ಗುಂಡುಕಲ್ಲಿನ ಮೇಲೆ ಕೂತು ಅದು ನೀರನ್ನೂ ನೋಡುತ್ತಿತ್ತು, ಗಾಳಿಯ ಮಾತನ್ನೂ ಕೇಳುತ್ತಿತ್ತು. ಆದರೆ ಬಾಗಿಲ ಹತ್ತಿರ ನೀರಿನ ಭೋರ್ಗರೆತ. ಸಿಪಿಲೆಯದು ದಾರದಂಥ ದನಿ. ಎಷ್ಟು ಕಿರುಚಿಕೊಂಡರೂ ತಾಯವ್ವನಿಗೆ ಕೇಳಿಸದು. ಅದಕ್ಕೆ ಇಬ್ಬರೂ ಒಂದು ಗುರುತು ಮಾಡಿಕೊಂಡರು. ಬಾಲ ಇಳಿಸಿದರೆ ಹಲಗೆ ಇಳಿಸು. ಬಾಲ ಎತ್ತಿದರೆ ಹಲಗೆ ಎತ್ತು. ದಿನಕ್ಕೊಂದು ಸಲ ಎತ್ತಿದರೆ ಹೆಚ್ಚು, ಇಳಿಸಿದರೆ ಹೆಚ್ಚು.

ಪುಟ್ಟ ಹೂವಿ ಆ ಒಡ್ಡಿನ ಮೇಲೇ ಆಡಿ ಬೆಳೆದಳು. ಸಿಪಿಲೆ ಬಾಲ ಎತ್ತಿದಾಗೆಲ್ಲ ಅವಳೂ ತನ್ನ ಲಂಗದ ಅಂಚು ಎತ್ತಿ, "ಎತ್ತವ್ವಾ, ಎತ್ತು!" ಎಂದು ಕುಣಿಯುತ್ತಿದ್ದಳು. ತಾಯವ್ವ ನಕ್ಕು ನಕ್ಕು ಹಗ್ಗ ಎಳೆಯುತ್ತಿದ್ದಳು. ಹಲಗೆ ಎಷ್ಟು ಭಾರ ಎಂಬುದು ಆ ದಿನಗಳಲ್ಲಿ ಅವಳಿಗೆ ಗೊತ್ತೇ ಆಗಲಿಲ್ಲ.

ಹೂವಿ ದೊಡ್ಡವಳಾದಳು. ಹಲ್ಲುಬಂಡೆಯಾಚೆಯ ಊರಿಗೆ ಮದುವೆಯಾಗಿ ಹೋದಳು. ಒಂದು ಬೇಸಿಗೆಯ ಕೊನೆಗೆ ಸುದ್ದಿ ಬಂತು: ಹೂವಿಗೆ ದಿನ ತುಂಬಿದೆ, ಚೊಚ್ಚಲ ಹೆರಿಗೆಗೆ ತವರಿಗೆ ಬರುತ್ತಿದ್ದಾಳೆ. ಅಂಬಿಗರ ಭರಮಣ್ಣ ಹರಿಗೋಲು ತೆಗೆದುಕೊಂಡು ಕರೆತರಲು ಹೋದ.

ತಾಯವ್ವನ ಸಡಗರ ಕೇಳಬೇಡಿ. ಬೆತ್ತ ತಂದಳು, ಸೀಳಿದಳು, ಒಂದು ತೊಟ್ಟಿಲು ಹೆಣೆದಳು. ಗುಡಿಸಲಿನ ತೊಲೆಗೆ ಕಟ್ಟಿ, ಖಾಲಿ ತೊಟ್ಟಿಲನ್ನೇ ತೂಗಿ ಜೋಗುಳ ಹಾಡಿದಳು. ಏಡಿ ಬಾಗಿಲಲ್ಲಿ ನಿಂತು ನಕ್ಕಿತು.

ಮರುದಿನ ಬೆಳಿಗ್ಗೆ ಗಾಳಿ ಒದ್ದೆಯಾಗಿ ಬಂತು. ಸಿಪಿಲೆಯ ಕಿವಿಯಲ್ಲಿ, "ಮ್ಯಾಲಿನ ಗುಡ್ಡದಾಗ ಮಳಿ ಹಿಡದೈತಿ. ಹೊಳಿ ಹೊಂಟಾಳ" ಎಂದಿತು.

ಸಿಪಿಲೆ ಬಾಲ ಎತ್ತಿತು.

ತಾಯವ್ವ ನೋಡಿದಳು. ಅವಳ ಕೈ ಹಗ್ಗಕ್ಕೆ ಹೋಯಿತು, ಅಲ್ಲೇ ನಿಂತಿತು. ಈಗ ಹಲಗೆ ಎತ್ತಿದರೆ ನೀರು ಇಳಿಯುತ್ತದೆ, ಹಲ್ಲುಬಂಡೆ ಮೇಲೇಳುತ್ತದೆ. ಆಮೇಲೆ ಹೊಸನೀರು. ಹೊಸನೀರು ಬಂದರೆ ನಾಲ್ಕು ತಿಂಗಳು ಯಾವ ಹರಿಗೋಲೂ ಹೊಳೆಗೆ ಇಳಿಯದು. ಹೂವಿ ಆಚೆಯೇ ಹೆರಬೇಕು. ಬಿಸಿನೀರು ಕಾಯಿಸಿ ಹಾಕುವವರು ಯಾರು, ಬೆನ್ನು ನೀವುವವರು ಯಾರು?

ಇನ್ನೊಂದಿಷ್ಟು ಹೊತ್ತು, ಅಂದುಕೊಂಡಳು. ಬಿಸಿಲು ನೆತ್ತಿಗೆ ಬರುವುದರೊಳಗೆ ಬಂದುಬಿಡುತ್ತಾಳೆ. ಅಂದುಕೊಂಡು ಮುಖ ತಿರುಗಿಸಿಕೊಂಡಳು.

ಒಡ್ಡಿನ ಕೆಳಗೆ ತಗ್ಗಿನಕೇರಿ ಇತ್ತು. ಮೂವತ್ತು ಗುಡಿಸಲು. ಆ ಹೊತ್ತಿಗೆ ಅಲ್ಲಿ ಒಲೆಯ ಹೊಗೆ ಏಳುತ್ತಿತ್ತು, ಮಕ್ಕಳು ಮರಳಿನಲ್ಲಿ ಮನೆ ಕಟ್ಟುತ್ತಿದ್ದವು. ತಾಯವ್ವ ಒಡ್ಡಿನ ಮೇಲಿದ್ದಾಳೆ ಎಂಬ ಧೈರ್ಯದಲ್ಲಿ ಅವರು ಯಾರೂ ಆಕಾಶ ನೋಡುತ್ತಿರಲಿಲ್ಲ.

ಸಿಪಿಲೆ ಮತ್ತೆ ಬಾಲ ಎತ್ತಿತು. ಮತ್ತೆ ಎತ್ತಿತು. ನೀರು ಅದರ ಕಾಲು ಮುಟ್ಟಿತು. ಅದು ಇನ್ನೊಂದು ಕಲ್ಲಿಗೆ ಹಾರಿತು, ಅಲ್ಲೂ ಎತ್ತಿತು. ತಾಯವ್ವ ದೂರದ ಹಲ್ಲುಬಂಡೆಯನ್ನೇ ನೋಡುತ್ತಿದ್ದಳು.

ಏಡಿ ಓಡಿ ಬಂತು. "ಯವ್ವಾ, ಒಡ್ಡಿನ ಬೆನ್ನಾಗ ನೀರು ಕೆಂಪಗ ಬರಾಕ್ಹತ್ತೈತಿ!"

ಅಷ್ಟರಲ್ಲಿ ಬಂಡೆಗಳಾಚೆ ಹರಿಗೋಲು ಕಾಣಿಸಿತು. ಭರಮಣ್ಣನ ಹುಟ್ಟು, ನಡುವೆ ಹೂವಿ. ತಾಯವ್ವ ತುದಿಗಾಲಲ್ಲಿ ನಿಂತಳು. ಇನ್ನು ಸ್ವಲ್ಪವೇ ದೂರ. ಆದರೆ ಬಂಡೆ ದಾಟಿ ಇತ್ತ ಬಂದಮೇಲೆ ಹಲಗೆ ಎತ್ತುವ ಹಾಗಿಲ್ಲ, ಎತ್ತಿದರೆ ನೀರಿನ ಸೆಳೆತಕ್ಕೆ ಹರಿಗೋಲು ನೇರ ಬಾಗಿಲಿಗೇ ಬಂದು ಬೀಳುತ್ತದೆ. ಅದು ದಡ ಸೇರುವ ತನಕ ಒಡ್ಡು ತಡೆಯಬೇಕು.

ಆದರೆ ಹೊಸನೀರನ್ನು ಮೊದಲು ಕಂಡವಳು ಹೂವಿ. ಕೆಂಪು ನೊರೆ ಅವಳ ಹರಿಗೋಲನ್ನು ಸವರಿಕೊಂಡೇ ಮುಂದೆ ಹೋಗಿತ್ತು. ಅವಳು ಒಡ್ಡಿನ ಮೇಲೆ ಬೆಳೆದ ಹುಡುಗಿ. ಭರಮಣ್ಣನ ಕೈಹಿಡಿದು ಹರಿಗೋಲನ್ನು ಆಚೆ ದಂಡೆಯ ಹಲ್ಲುಬಂಡೆಗೆ ತಾಗಿಸಿ ನಿಲ್ಲಿಸಿದಳು. ತುಂಬಿದ ಹೊಟ್ಟೆ ಹೊತ್ತು ಬಂಡೆಯ ಮೇಲೆ ಏರಿ ನಿಂತಳು. ಸೀರೆಯ ಸೆರಗು ಬಿಚ್ಚಿ ಮೇಲಕ್ಕೆ ಎತ್ತಿದಳು. ಇಳಿಸಿದಳು, ಮತ್ತೆ ಎತ್ತಿದಳು.

ಏನೂ ಕೇಳಿಸಲಿಲ್ಲ. ಕೇಳಿಸಬೇಕಾಗಿಯೂ ಇರಲಿಲ್ಲ. ಎತ್ತವ್ವಾ, ಎತ್ತು.

ತಾಯವ್ವ ಅಳುತ್ತಲೇ ಹಗ್ಗಕ್ಕೆ ಕೈಹಾಕಿದಳು. ಒಂದನೆಯ ಹಲಗೆ ಎತ್ತಿದಳು. ಎರಡು, ಮೂರು. ನಾಲ್ಕನೆಯದಕ್ಕೆ ಅಂಗೈ ಸಿಪ್ಪೆ ಎದ್ದಿತು. ಐದು, ಆರು. ಏಳನೆಯದು ನೀರಿನ ಒತ್ತಡಕ್ಕೆ ಕಚ್ಚಿಕೊಂಡುಬಿಟ್ಟಿತು, ಏಳಲಿಲ್ಲ. ಬೆಳಿಗ್ಗೆ ಎತ್ತಿದ್ದರೆ ಹೂವಿನಂತೆ ಏಳುತ್ತಿತ್ತು.

ಹೊಳೆ ಬಂದಳು. ಆರು ಹಲಗೆಯಷ್ಟು ಬಾಗಿಲಿನಲ್ಲಿ ನುಗ್ಗಿದಳು, ಉಳಿದ ಸಿಟ್ಟಿಗೆ ಒಡ್ಡಿನ ಎಡಭುಜ ಮುರಿದಳು. ತಾಯವ್ವನ ಗುಡಿಸಲು ಹೋಯಿತು, ತೊಲೆಯೊಂದಿಗೆ ತೊಟ್ಟಿಲೂ ಹೋಯಿತು. ತಗ್ಗಿನಕೇರಿಯ ಹೊಸ್ತಿಲುಗಳಿಗೆ ನೀರು ತಾಗಿತು. ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ದಿಬ್ಬ ಹತ್ತಿದರು. ಹೊಸ್ತಿಲು ತಾಗಿದ ನೀರು ಅಲ್ಲೇ ನಿಂತಿತು. ಒಂದು ಜೀವವೂ ಹೋಗಲಿಲ್ಲ.

ಹಲ್ಲುಬಂಡೆಯ ಮೇಲೆ ಹೂವಿ ಇನ್ನೊಂದು ಗಳಿಗೆ ನಿಂತಿದ್ದಳು. ಆಮೇಲೆ ಭರಮಣ್ಣನ ತೋಳು ಹಿಡಿದು ದಂಡೆ ಹತ್ತಿ ಗಂಡನ ಊರಿನ ದಾರಿ ಹಿಡಿದಳು. ತಾಯವ್ವ ಅವಳ ಸೆರಗು ಮರೆಯಾಗುವ ತನಕ ನೋಡಿದಳು.

ಮಳೆ ಕಳೆಯಿತು. ನೀರು ತಿಳಿಯಾಯಿತು. ಊರವರು ಒಡ್ಡಿನ ಭುಜ ಕಟ್ಟಿದರು, ಸಿಪಿಲೆ ಬಾಲ ಇಳಿಸಿತು, ತಾಯವ್ವ ಹಲಗೆ ಇಳಿಸಿದಳು. ಮೊದಲ ಹರಿಗೋಲಿನಲ್ಲೇ ಹೂವಿ ಬಂದಳು, ಕಂಕುಳಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು. ಅದೇ ದಿನ ತಗ್ಗಿನಕೇರಿಯ ಜನ ಒಡ್ಡು ಹತ್ತಿ ಬಂದರು. ಅವರ ತಲೆಯ ಮೇಲೆ ಬೆತ್ತದ ತೊಟ್ಟಿಲು. ಪೊದೆಯಲ್ಲಿ ಸಿಕ್ಕಿಕೊಂಡಿತ್ತಂತೆ. ತೊಳೆದು, ಒಣಗಿಸಿ ತಂದಿದ್ದರು.

ತಾಯವ್ವ ಅವರ ಮುಖ ನೋಡಲಾರದೆ ಗುಂಡುಕಲ್ಲಿನ ಹತ್ತಿರ ಹೋಗಿ ಕೂತಳು.

"ಅವತ್ತು ನೀ ಬಾಲ ಎತ್ತಿದ್ದು ನಾ ನೋಡಿದ್ದೆ" ಎಂದಳು ಸಿಪಿಲೆಗೆ. "ನೋಡಿ ಮುಖ ತಿರುಗಿಸಿದೆ. ತಪ್ಪು ನಂದು."

ಅಲ್ಲಿಯವರೆಗೂ ಅವಳು ನೋಡಿಯೇ ಇಲ್ಲ ಎಂದು ಸಿಪಿಲೆ ನಂಬಿತ್ತು.

"ಹಂಗಾದ್ರ ಒಂದ ಸಲ ಎತ್ತಿದ್ರ ಸಾಲೂದಿಲ್ಲ ಬೇ" ಎಂದಿತು. "ಮುಖ ತಿರುಗಿಸಿದವರು ಮತ್ತ ಈ ಕಡೆ ತಿರುಗೋತನಕ ಎತ್ತಬೇಕು."

ಅಂದು ಶುರು ಮಾಡಿದ್ದು ಇನ್ನೂ ನಿಲ್ಲಿಸಿಲ್ಲ. ಆ ಒಡ್ಡು ಈಗಿಲ್ಲ, ಮತ್ತಿಯ ಹಲಗೆಗಳಿಲ್ಲ, ಹೊಳೆ ನಮ್ಮೊಡನೆ ಮಾತು ಬಿಟ್ಟು ಎಷ್ಟೋ ಕಾಲವಾಯಿತು. ಆದರೂ ನೀನು ಹೊಳೆದಂಡೆಗೆ ಹೋದಾಗ ನೋಡು, ಮಗಾ, ಕಲ್ಲಿನ ಮೇಲೆ ಸಿಪಿಲೆ ಬಾಲ ಎತ್ತುತ್ತದೆ, ಇಳಿಸುತ್ತದೆ, ಮತ್ತೆ ಎತ್ತುತ್ತದೆ, ಯಾಕೆಂದರೆ ನೀನು ಮುಖ ತಿರುಗಿಸದೆ ನೋಡಿದೆ ಎಂಬುದು ಅದಕ್ಕಿನ್ನೂ ಖಾತ್ರಿಯಾಗಿಲ್ಲ.